‘ಎಕ್ಸ್‌ಟರ್ನಲ್ ಕಟ್ಟಬಿಡವಾ’ ಎಂಬ ಸಲಹೆ

ಅಂಕಲಗಿಯಿಂದ ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿಯವರೆಗೆ ನಮ್ಮ ಕಡೆ ಡಿಗ್ರಿ ಮುಗಿಸಿದವರಿಗೆ ಸಿಗುವ ಸಲಹೆಗಳು ಮೂರೋ ನಾಲ್ಕೋ. ಬಿ.ಎಡ್. ಮಾಡು, ಪಿಎಸ್‌ಐ ಪರೀಕ್ಷೆ ಬರಿ, ಧಾರವಾಡಕ್ಕೆ ಕೋಚಿಂಗಿಗೆ ಹೋಗು. ಆದರೆ ಡಿಗ್ರಿ ಮುಗಿಸಿದವಳು ಮಂದಿ ಕೂಡಿದ ಕಡೆ ಮಾತು ಕಳೆದುಕೊಳ್ಳುವವಳಾಗಿದ್ದರೆ, ಮದುವೆಯ ಡಾಲ್ಬಿ ಸದ್ದಿಗೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುವವಳಾಗಿದ್ದರೆ, ಅವಳಿಗೆ ಸಿಗುವ ಸಲಹೆ ಒಂದೇ. “ಎಕ್ಸ್‌ಟರ್ನಲ್ ಕಟ್ಟಬಿಡವಾ. ಮನ್ಯಾಗ ಕುಂತ ಓದು. ಸುಮ್ನ ಯಾಕ ತ್ರಾಸ ತಗೋತಿ?” ಹೇಳುವವರು ಅತ್ತೆ, ಕಾಕಾ, ಕಾಲೇಜಿನ ಸರ್, ಎಲ್ಲರೂ ಅವಳ ಒಳ್ಳೆಯದನ್ನೇ ಬಯಸುವವರು. ಆ ಕಾರಣಕ್ಕೇ ಈ ಸಲಹೆಯನ್ನು ಯಾರೂ ಪರೀಕ್ಷಿಸಿ ನೋಡಿಲ್ಲ. ಆಟಿಸಂ ಇರುವ ವಯಸ್ಕರ ಸ್ನಾತಕೋತ್ತರ ಓದಿಗೆ ನಮ್ಮಲ್ಲಿ ಇರುವ ದೊಡ್ಡ ಅಡ್ಡಿ ತಿರಸ್ಕಾರ ಅಲ್ಲ, ಈ ಕನಿಕರ ಎಂಬುದು ನನ್ನ ವಾದ.

ತಪ್ಪು ಪದದಲ್ಲೇ ಶುರುವಾಗುತ್ತದೆ. ಆಟಿಸಂ ಎಂಬುದನ್ನು ಸರ್ಕಾರಿ ಕನ್ನಡ ‘ಸ್ವಲೀನತೆ’ ಎಂದು ಕರೆದಿದೆ, ಅಂದರೆ ತನ್ನೊಳಗೆ ತಾನೇ ಮುಳುಗಿರುವುದು. ಸ್ವಿಸ್ ಮನೋವೈದ್ಯ ಯೂಜೀನ್ ಬ್ಲಾಯ್ಲರ್ ಸುಮಾರು 1911ರಲ್ಲಿ ಬೇರೊಂದು ಕಾಯಿಲೆಯ ಲಕ್ಷಣವೆಂದು ಹುಟ್ಟಿಸಿದ ಪದದ ಅರ್ಥವನ್ನೇ ನಾವು ಸಂಸ್ಕೃತದಲ್ಲಿ ಹೊತ್ತು ತಂದೆವು. ತನ್ನೊಳಗೆ ಮುಳುಗಿದವಳಿಗೆ ಮಂದಿ ಬೇಡ, ಮಂದಿ ಬೇಡದವಳಿಗೆ ಮನೆಯೇ ಸಾಕು ಎಂಬ ತೀರ್ಮಾನ ಪದದಿಂದಲೇ ಇಳಿದು ಬರುತ್ತದೆ. ಆದರೆ ಅಂಕಲಗಿ ಅಡವಿಸಿದ್ಧೇಶ್ವರ ಮಠದ ಊರು. ಇಲ್ಲಿ ಒಬ್ಬರು ‘ಲೀನ’ರಾದರು ಎಂದರೆ ಅದು ಹೊಗಳಿಕೆ. ಯಾವುದರಲ್ಲಿ ಲೀನರಾದರು ಎಂಬುದು ಇಲ್ಲಿಯವರು ಕೇಳುವ ಮುಂದಿನ ಪ್ರಶ್ನೆ. ಆಟಿಸಂ ಇರುವವರ ಬಗ್ಗೆ ಮಾತ್ರ ಆ ಪ್ರಶ್ನೆಯನ್ನು ಕೇಳುವುದನ್ನು ನಾವು ಬಿಟ್ಟಿದ್ದೇವೆ.

ಅಂಕಲಗಿಯ ಇಂಥ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರು, ಅಂದರೆ ಬೆಟಗೇರಿ ಕೃಷ್ಣಶರ್ಮರು, ಅವಳ ಜಗತ್ತು. ಅವರು ನಡೆಸಿದ ‘ಜಯಂತಿ’ ಮಾಸಿಕದ ಹಳೆಯ ಸಂಚಿಕೆ ಎಲ್ಲಿ ಸಿಕ್ಕರೂ ಓದಿ, ಯಾವ ಲೇಖನ ಯಾವ ತಿಂಗಳದು ಎಂದು ವಹಿಯಲ್ಲಿ ಬರೆದಿಟ್ಟಿದ್ದಾಳೆ. ಮನೆಗೆ ಬಂದ ನೆಂಟರ ಮುಂದೆ ಅದನ್ನೇ ಹೇಳತೊಡಗುತ್ತಾಳೆ, ನಿಲ್ಲಿಸುವುದು ತಿಳಿಯುವುದಿಲ್ಲ. ನೆಂಟರು ಗಡಿಯಾರ ನೋಡುತ್ತಾರೆ, ತಾಯಿ ಕಣ್ಣು ಬಿಡುತ್ತಾಳೆ, ಹುಡುಗಿಗೆ ಎರಡೂ ಕಾಣುವುದಿಲ್ಲ. ಚಿಕ್ಕಂದಿನಿಂದ “ಅದ್ನ ಎಷ್ಟ ಸಲ ಹೇಳ್ತಿ, ಸಾಕ ಮಾಡು” ಎಂದು ಕೇಳಿಸಿಕೊಂಡವಳು ಅವಳು. ಈಗ ಹೇಳಿ, ಒಂದೇ ವಿಷಯವನ್ನು ಎರಡು ವರ್ಷ ಬಿಡದೆ ಹಿಡಿದುಕೊಂಡಿರುವುದನ್ನು ದೋಷ ಎನ್ನದೆ ಅರ್ಹತೆ ಎನ್ನುವ ಜಾಗ ಈ ಸೀಮೆಯಲ್ಲಿ ಎಲ್ಲಿದೆ? ಎಂ.ಎ. ವಿಭಾಗ ಬಿಟ್ಟರೆ ನನಗೆ ಬೇರೆ ತೋಚುವುದಿಲ್ಲ. ಕಟ್ಟೆಯ ಮೇಲೆ ಹೊರೆಯಾಗುವ ಗುಣ ಅಲ್ಲಿ ಸಂಶೋಧನೆಯ ಮೊದಲ ಬಂಡವಾಳ. ಅವಳ ವಹಿಯನ್ನು ತೆರೆದು “ಈ ತಿಂಗಳು ತಪ್ಪಿದೆ ನೋಡು” ಎಂದು ವಾದಕ್ಕೆ ಇಳಿಯುವ ಒಬ್ಬ ಮೇಷ್ಟ್ರು ಅವಳಿಗೆ ಬೇಕು. ಅಂಚೆಯಲ್ಲಿ ಬರುವ ಪಾಠದ ಕಟ್ಟು ಆ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಕೂತು ಓದು ಎನ್ನುವವರು ಅವಳನ್ನು ಗದ್ದಲದಿಂದ ಉಳಿಸುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಅವಳ ಮಾತನ್ನು ಕೊನೆಯವರೆಗೆ ಕೇಳಬಲ್ಲ ಇಬ್ಬರು ಮೂವರಿಂದಲೂ ಅವಳನ್ನು ದೂರ ಇಡುತ್ತಿದ್ದಾರೆ.

ತ್ರಾಸ ಇಲ್ಲವೆಂದು ನಾನು ಹೇಳುತ್ತಿಲ್ಲ. ತ್ರಾಸ ಇರುವುದು ಎಲ್ಲಿ ಎಂಬುದರಲ್ಲಿ ನಮ್ಮ ತಿಳಿವಳಿಕೆ ತಪ್ಪಿದೆ. ಓದಿನಲ್ಲಿ ಅಲ್ಲ, ಓದಿನ ಸುತ್ತಮುತ್ತ ಇದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಹುಟ್ಟಿತು, ಈಗ ಈ ಭಾಗದವರಿಗೆ ಎಂ.ಎ. ಎಂದರೆ ಧಾರವಾಡವೇ ಆಗಬೇಕಿಲ್ಲ. ಆದರೆ ಅಂಕಲಗಿಯಿಂದ ಭೂತರಾಮನಹಟ್ಟಿಯ ಕ್ಯಾಂಪಸ್ಸಿಗೆ ಹೋಗುವುದೆಂದರೆ ಬೆಳಗಾವಿ ಬಸ್ಸು, ಸಿಬಿಟಿ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ಸು, ಕಾಕತಿ ದಾಟಿ ಹೆದ್ದಾರಿಯಲ್ಲಿ ಇಳಿಯುವುದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಕಳೆಯಿತು, ಅದು ದೊಡ್ಡದು. ನೂಕುನುಗ್ಗಲು, ಹಾರ್ನು, ಮೈಗೆ ಮೈ ತಾಗುವುದು ಮಾತ್ರ ಹಾಗೇ ಉಳಿದಿವೆ. ಅಷ್ಟು ಸಹಿಸಿ ವಿಭಾಗದ ಬಾಗಿಲಿಗೆ ಬಂದಾಗ, ಇವತ್ತು ಹತ್ತು ಗಂಟೆಯ ಕ್ಲಾಸು ಇಲ್ಲ ಎಂದು ವಾಟ್ಸಾಪಿನಲ್ಲಿ ಒಂಬತ್ತೂವರೆಗೆ ಬಂದ ಸಂದೇಶ ಕಾಣುತ್ತದೆ. ಬೇರೆಯವರಿಗೆ ಅದು ಚಹಾ ಕುಡಿಯಲು ಸಿಕ್ಕ ಬಿಡುವು. ಬೆಳಗಿನ ಐದಕ್ಕೆ ಎದ್ದು ಇಡೀ ದಿನವನ್ನು ತಲೆಯಲ್ಲಿ ಜೋಡಿಸಿಕೊಂಡು ಬಂದವಳಿಗೆ ಆ ಜೋಡಣೆಯೇ ಕುಸಿಯುತ್ತದೆ. ಕುಸಿದದ್ದು ಹೊರಗೆ ಕಾಣುವುದಿಲ್ಲ. ಮುಖ ತಿರುಗಿಸಿ ಕೂತಳು ಅಷ್ಟೇ ಕಾಣುತ್ತದೆ, ಅದಕ್ಕೆ ‘ಸೊಕ್ಕು’ ಎಂದು ಹೆಸರಾಗುತ್ತದೆ.

ಆಮೇಲೆ ಸೆಮಿನಾರು, ಆಂತರಿಕ ಅಂಕ, ವೈವಾ. ಸ್ನಾತಕೋತ್ತರ ಓದು ಬುದ್ಧಿಯ ಪರೀಕ್ಷೆ ಎಂದು ನಂಬಿದವರು ಈ ಮೂರನ್ನು ಹತ್ತಿರದಿಂದ ನೋಡಬೇಕು. ವೈವಾದಲ್ಲಿ ಅಳೆಯುವುದರಲ್ಲಿ ಅರ್ಧ ವಿಷಯಜ್ಞಾನವಾದರೆ ಇನ್ನರ್ಧ ನಡೆನುಡಿ: ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಹಿರಿಯರ ಹಾಸ್ಯಕ್ಕೆ ತಕ್ಷಣ ನಗುವುದು, “ಮತ್ತೇನು ವಿಶೇಷ?” ಎಂಬುದಕ್ಕೆ ತಡವರಿಸದೆ ಏನಾದರೂ ಹೇಳುವುದು. ಇಲ್ಲಿ ಒಂದು ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ: ಒಬ್ಬರಿಗಾಗಿ ಪರೀಕ್ಷೆಯ ರೀತಿ ಬದಲಿಸಿದರೆ ಮಟ್ಟ ಇಳಿಯುವುದಿಲ್ಲವೇ? ಹಾಗಾದರೆ ಯಾವುದರ ಮಟ್ಟ ಎಂದು ಮೊದಲು ತೀರ್ಮಾನವಾಗಲಿ. ಆನಂದಕಂದರ ಕಥನಗೀತೆಗಳ ಬಗ್ಗೆ ಅವಳಿಗೆಷ್ಟು ತಿಳಿದಿದೆ ಎಂಬುದು ಪ್ರಶ್ನೆಯಾದರೆ, ಉತ್ತರವನ್ನು ಮೊದಲು ಬರೆದು ಆಮೇಲೆ ಓದಿ ಹೇಳಲು ಬಿಟ್ಟರೆ ಮಟ್ಟಕ್ಕೆ ಏನೂ ಆಗುವುದಿಲ್ಲ. ಅಪರಿಚಿತರ ಮುಂದೆ ಚಟಪಟನೆ ಮಾತಾಡುವ ಕಲೆಯೇ ಪಠ್ಯವಾಗಿದ್ದರೆ ಅದನ್ನು ಪಠ್ಯಕ್ರಮದಲ್ಲಿ ಬರೆದು ಕಲಿಸಬೇಕು. ಕಲಿಸದ ವಿಷಯಕ್ಕೆ ಅಂಕ ಕಳೆಯುವುದು ಅನ್ಯಾಯ.

ಇದು ದಯೆಯ ಮಾತೂ ಅಲ್ಲ. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವರ್ಗಗಳನ್ನು ಮಾಡಿ ಅದನ್ನು ಸೇರಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಕೊಟ್ಟಿತು. ಅದಕ್ಕಿಂತ ಮುಖ್ಯವಾಗಿ, ಒಬ್ಬ ವ್ಯಕ್ತಿಗೆ ಬೇಕಾದ ಸೂಕ್ತ ಹೊಂದಾಣಿಕೆಯನ್ನು, ಸಂಸ್ಥೆಗೆ ವಿಪರೀತ ಹೊರೆಯಾಗದಿದ್ದಾಗಲೂ, ನಿರಾಕರಿಸುವುದೇ ತಾರತಮ್ಯ ಎಂದಿತು. ‘ರಿಯಾಯಿತಿ’ ಎಂಬ ನಮ್ಮ ಕಚೇರಿಗಳ ಮೆಚ್ಚಿನ ಪದ ಅಲ್ಲಿಗೆ ಬಿದ್ದುಹೋಗಬೇಕಿತ್ತು. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೈ ಬರಹದ ತೊಂದರೆಯಿದ್ದ ಆ ಅಭ್ಯರ್ಥಿಗೆ, ಅಂಗವೈಕಲ್ಯ ಶೇ. 40ರ ಮಟ್ಟ ಮುಟ್ಟಿಲ್ಲವೆಂದು ಯುಪಿಎಸ್‌ಸಿ ಬರೆಯುವ ಸಹಾಯಕನನ್ನು ನಿರಾಕರಿಸಿತ್ತು. ಶೇ. 40 ಎಂಬುದು ಮೀಸಲಾತಿಗೆ ಬೇಕಾದ ಗೆರೆ, ಹೊಂದಾಣಿಕೆಗೆ ಅದೇ ಗೆರೆ ಎಳೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ಆಟಿಸಂ ಇರುವ ವಯಸ್ಕರಿಗೆ ಈ ತೀರ್ಪು ಮುಖ್ಯ, ಏಕೆಂದರೆ ಅವರು ಸಿಕ್ಕಿಕೊಳ್ಳುವುದೇ ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದು ರೂಪಿಸಿದ ಭಾರತೀಯ ಆಟಿಸಂ ಮಾಪಕದಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಮುಟ್ಟದಿದ್ದರೆ ಆಟಿಸಂ ಇಲ್ಲ. ಕಣ್ಣು ಕೊಡುವುದಿಲ್ಲವೇ, ಕೈ ಆಡಿಸುತ್ತಾಳೆಯೇ ಎಂದು ಹೊರಗಿನ ನಡವಳಿಕೆ ನೋಡಿ ಅಂಕ ಕೊಡುವ ಕ್ರಮ ಇದು. ಇಪ್ಪತ್ತೆರಡು ವರ್ಷ ಬೈಸಿಕೊಂಡು, ಕಣ್ಣಿನ ಬದಲು ಹುಬ್ಬಿನ ನಡುವೆ ನೋಡುವುದನ್ನು ಕಲಿತವಳು, ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡವಳು ಅಲ್ಲಿ ಎಷ್ಟು ಅಂಕ ಗಳಿಸಿಯಾಳು? ಮುಚ್ಚಿಟ್ಟುಕೊಳ್ಳಲು ಅವಳು ತೆತ್ತ ದಣಿವಿಗೆ ಅಲ್ಲಿ ಅಂಕವಿಲ್ಲ. ಇತ್ತ ಊರಿನವರ ತರ್ಕ ಬೇರೆ: “ಇಷ್ಟ ಓದಿದಾಕಿಗೆ ಎಲ್ಲೀ ಆಟಿಸಂ?” ಡಿಗ್ರಿ ಮುಗಿಸದಿದ್ದರೆ ‘ಅವಳ ಕೈಲಾಗುವುದಿಲ್ಲ’, ಮುಗಿಸಿದರೆ ‘ಅವಳಿಗೇನೂ ಆಗಿಲ್ಲ’. ಎರಡರಲ್ಲೂ ಅವಳಿಗೆ ಕೊಡಬೇಕಾದದ್ದು ಏನೂ ಉಳಿಯದಂತೆ ಮಾತು ಹೊಂದಿಕೊಂಡಿದೆ.

ಇನ್ನು ಹೊಗಳುವವರ ಕಡೆಯ ಪೂರ್ವಗ್ರಹ. 1989ರಲ್ಲಿ ಪಶುವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ, ಆಟಿಸಂ ಇರುವ ಟೆಂಪಲ್ ಗ್ರಾಂಡಿನ್ ಹೆಸರು ಹೇಳಿ, ಇಂಥವರೆಲ್ಲ ಅಸಾಧಾರಣ ಪ್ರತಿಭೆಗಳು ಎನ್ನುವವರಿದ್ದಾರೆ. ಸಾಧಾರಣ ಬುದ್ಧಿಯ, ಶೇ. 58 ಅಂಕದ ಎಂ.ಎ. ಪಡೆಯುವ ಹಕ್ಕು ಬೇರೆಯವರಿಗೆಲ್ಲ ಇದೆ, ಆಟಿಸಂ ಇರುವವಳು ಮಾತ್ರ ಅದ್ಭುತವಾಗಿರಲೇಬೇಕೆಂಬ ಷರತ್ತು ಇದು. ನನಗೆ ಗ್ರಾಂಡಿನ್‌ಗಿಂತ ಡೊನಾಲ್ಡ್ ಟ್ರಿಪ್ಲೆಟ್ ಹೆಚ್ಚು ಬೆಳಕು ಕೊಡುತ್ತಾರೆ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಪ್ರಬಂಧದ 11 ಮಕ್ಕಳಲ್ಲಿ ಮೊದಲನೆಯವರು ಅವರು. ಅಮೆರಿಕದ ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನವರು. ಪುಟ್ಟ ಹುಡುಗನಾಗಿದ್ದಾಗ ಒಂದು ಪಾಲನಾ ಸಂಸ್ಥೆಯಲ್ಲಿ ಬಿಟ್ಟಿದ್ದ ಅವರನ್ನು ಆಮೇಲೆ ತಂದೆತಾಯಿ ಮರಳಿ ಕರೆತಂದರು. ಊರು ಬಿಟ್ಟು ಕಾಲೇಜಿಗೆ ಹೋಗಿ 1958ರಲ್ಲಿ ಪದವಿ ಪಡೆದು, ಬ್ಯಾಂಕಿನಲ್ಲಿ ದುಡಿದು, 89 ವರ್ಷ ಬದುಕಿ 2023ರಲ್ಲಿ ತೀರಿಕೊಂಡರು. ಬ್ಯಾಂಕು ಅವರ ಮನೆತನದ್ದೇ ಆಗಿತ್ತು, ಹಣದ ಬಲ ಇತ್ತು, ಅದನ್ನು ಮರೆಯಬಾರದು. ಆದರೂ ಮೊದಲ ರೋಗಿಯೇ ಮಂದಿಯ ನಡುವೆ ಕಲಿತು ಬಂದಿರುವಾಗ, ಮಂದಿಯಿಂದ ದೂರ ಇಟ್ಟರೆ ಹಿತ ಎಂಬ ನಂಬಿಕೆಗೆ ಆಧಾರ ಯಾವುದು?

ಮಂದಿಯೊಡನೆ ಹೊಂದದಿರುವುದು ಅವಳೊಬ್ಬಳ ಕೊರತೆ ಎಂಬುದನ್ನೂ ಈಗ ಎಲ್ಲ ವಿದ್ವಾಂಸರು ಒಪ್ಪುತ್ತಿಲ್ಲ. ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದು ಇಷ್ಟು: ಅರ್ಥವಾಗದಿರುವುದು ಎರಡೂ ಕಡೆಯದು. 2020ರಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಎಂಟೆಂಟು ಜನರ ಸಾಲು ಮಾಡಿ, ಕಿವಿಯಿಂದ ಕಿವಿಗೆ ಕಥೆ ದಾಟಿಸುವ ಪರೀಕ್ಷೆ ನಡೆಸಿದರು. ಎಲ್ಲರೂ ಆಟಿಸಂ ಇರುವವರಾದ ಸಾಲಿನಲ್ಲಿ ಕಥೆ, ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಸೋರಿದ್ದು ಬೆರಕೆ ಸಾಲಿನಲ್ಲಿ. ವಿಭಾಗದ ಪಡಸಾಲೆಯಲ್ಲಿ ಅವಳು ಒಬ್ಬಳೇ ನಿಂತಿದ್ದಾಳೆ ಎಂದರೆ, ಆಚೆ ನಿಂತ ನಲವತ್ತು ಜನಕ್ಕೂ ಅದರಲ್ಲಿ ಪಾಲಿದೆ.

ಎಂ.ಎ. ಮಾಡಿದರೆ ಬದುಕು ಸರಿಹೋಗುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಡಲಾರೆ. ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಇಟ್ಟ ಶೇ. 4ರಲ್ಲಿ ಶೇ. 1 ಮಾತ್ರ ಇವರಿಗಿದೆ. ಅದನ್ನೂ ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ಅಂಗವೈಕಲ್ಯ ಇರುವವರೊಡನೆ ಹಂಚಿಕೊಳ್ಳಬೇಕು. ದಣಿದು ನಡುವೆ ಬಿಡುವವರು ಇರುತ್ತಾರೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದುವುದೂ ಕೀಳಲ್ಲ. 2013ರಿಂದ ಅದರ ಮಾನ್ಯತೆ ಹೋಗಿ 2018ರಲ್ಲಿ ಮರಳುವವರೆಗೆ ಎಷ್ಟೋ ಮನೆಗಳು ಕಂಗೆಟ್ಟಿದ್ದನ್ನು ಬಲ್ಲವರು, ಅದು ಸುಲಭದ ದಾರಿ ಎಂದು ಮಾತ್ರ ಹೇಳಬಾರದು. ಆ ದಾರಿಯನ್ನು ಅವಳೇ ಆರಿಸಿಕೊಂಡರೆ ನನ್ನ ತಕರಾರಿಲ್ಲ. ಅವಳನ್ನು ಕೇಳದೆ, ಉಳಿದವರ ನೆಮ್ಮದಿಗಾಗಿ ಅವಳಿಗೆ ಅದನ್ನು ಆರಿಸಿಕೊಡುವುದರ ಬಗ್ಗೆ ನನ್ನ ತಕರಾರು.

ಪ್ರವೇಶದ ಅರ್ಜಿಗಳಲ್ಲಿ ಅಂಗವಿಕಲರೇ ಎಂದು ಕೇಳುವ ಒಂದು ಚೌಕ ಇರುತ್ತದೆ, ಪಕ್ಕದಲ್ಲಿ ಶೇಕಡಾ ಎಷ್ಟು ಎಂದು ತುಂಬುವ ಜಾಗ. ಅದರ ಕೆಳಗೆ ಎರಡು ಗೆರೆ ಖಾಲಿ ಬಿಟ್ಟು, ಓದಲು ನಿಮಗೆ ಏನು ಬೇಕು ಎಂದು ಕೇಳಲಿ. ಅಂಕಲಗಿಯ ಆ ಹುಡುಗಿ ಬರೆಯಬಹುದಾದದ್ದು ಬಹಳವೇನಲ್ಲ. ಕ್ಲಾಸಿನ ವೇಳೆ ಬದಲಾದರೆ ಹಿಂದಿನ ದಿನ ಸಂಜೆಯೇ ತಿಳಿಸಿ. ವೈವಾ ಇಬ್ಬರ ಮುಂದೆ ನಡೆಯಲಿ, ಪೆನ್ನು ಹಾಳೆ ಕೊಡಿ. ಗ್ರಂಥಾಲಯದಲ್ಲಿ ಗೋಡೆಯ ಬದಿಯ ಕುರ್ಚಿ. ‘ಜಯಂತಿ’ಯ ಹಳೆಯ ಸಂಪುಟಗಳು ಯಾವ ಕಪಾಟಿನಲ್ಲಿವೆ?