ಮಡಿಕೇರಿಯಲ್ಲಿ ನೆನಪಾದ ಕಾವೇರಿ

ಮನೆ, ಮಕ್ಕಳನ್ನು ಎರಡು ದಿನ ಗಂಡಂದಿರಿಗೆ ಒಪ್ಪಿಸಿ ನಾವು ನಾಲ್ವರು ಗೆಳತಿಯರು ಮಡಿಕೇರಿಗೆ ಹೋಗಿದ್ದೆವು. ರಾಜಾಸೀಟಿನ ಮಂಜಿನಲ್ಲಿ ಎಲ್ಲರ ಬಾಯಲ್ಲೂ ‘ಶರಪಂಜರ’ದ ಕೊಡಗಿನ ಹಾಡೇ. ಹಾಡದೆ ಕುಳಿತವಳು ಒಬ್ಬಳೇ. ಬಾಣಂತನದಲ್ಲಿ ಮನಸ್ಸು ಕದಡಿ ಆಸ್ಪತ್ರೆ ಸೇರಿ ಬಂದವಳು. “ಹಾಡು ಮುಗಿದ ಮೇಲೂ ಸಿನಿಮಾ ಇದೆಯಲ್ಲೇ” ಎಂದಳು.

ನಿಜ. ತ್ರಿವೇಣಿಯವರ ಕಾದಂಬರಿಯನ್ನು 1971ರಲ್ಲಿ ತೆರೆಗೆ ತಂದ ಪುಟ್ಟಣ್ಣ ಕಣಗಾಲರು ಕೊಡಗಿನ ಚೆಲುವನ್ನು ಧಾರಾಳವಾಗಿ ಬಳಸಿದರು. ಚಿತ್ರದ ಶಕ್ತಿ ಅದು. ನನ್ನ ಮಟ್ಟಿಗೆ ದೋಷವೂ ಅದೇ. ನಮಗೆ ಹಾಡು ಉಳಿಯಿತು. ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಹುಚ್ಚಿಯೆಂದೇ ನೋಡುವ ಕಣ್ಣುಗಳು ಮರೆತುಹೋದವು. ಕಲ್ಪನಾ ಅವರ ಅಭಿನಯಕ್ಕೆ ಚಪ್ಪಾಳೆ ತಟ್ಟಿದೆವು. ಅವಳು ಮತ್ತೆ ಕುಸಿದದ್ದು ಮನೆಯವರ ಸಂಶಯದಿಂದ, ಗಂಡನ ವಂಚನೆಯಿಂದ ಎಂಬುದು ಮನಸ್ಸಿಗೆ ಇಳಿಯಲಿಲ್ಲ.

ಆ ರಾತ್ರಿ ನಾವು ಹಾಡಲಿಲ್ಲ. ಗೆಳತಿ ಹೇಳಿದಳು, ನಾವು ಕೇಳಿದೆವು.