ಪಕ್ ಬಿಟ್ಟುಕೊಡದ ಯಾಗರ್

ಐಸ್ ಹಾಕಿಯಲ್ಲಿ ವೇಗಕ್ಕೆ ಮರುಳಾಗುವುದು ಸುಲಭ. ಕರಿ ರಬ್ಬರಿನ ಪಕ್ ಎಲ್ಲಿದೆಯೆಂದು ಕಣ್ಣಿಗೆ ಗೊತ್ತಾಗುವಷ್ಟರಲ್ಲಿ ಅದು ಇನ್ನೊಬ್ಬರ ಕೋಲಿಗೆ ದಾಟಿರುತ್ತದೆ. ಚೆಕ್ ಆಟಗಾರ ಯಾರೊಮಿರ್ ಯಾಗರ್ ಅವರ ಆಟದಲ್ಲಿ ನನ್ನನ್ನು ಹಿಡಿದು ಕೂರಿಸುವುದು ಬೇರೆಯೇ ಗುಣ: ಅವರಿಗೆ ಅವಸರವಿಲ್ಲ.

ರಿಂಕಿನ ಮೂಲೆಯಲ್ಲಿ, ಸುತ್ತುಗೋಡೆಯ ಪಕ್ಕ ಅವರನ್ನು ನೋಡಬೇಕು. ಎದುರಾಳಿಗೆ ಪೂರ್ತಿ ಬೆನ್ನು ತಿರುಗಿಸಿ, ಮಂಡಿ ಬಗ್ಗಿಸಿ, ಸೊಂಟವನ್ನು ಹಿಂದಕ್ಕೊತ್ತಿ ನಿಲ್ಲುತ್ತಾರೆ. ಆರಡಿ ಮೂರಂಗುಲದ ಆಳು. ನೀಳ ತೋಳು, ಅದರಾಚೆ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಪಕ್. ಹಿಂದಿನಿಂದ ಕೈಚಾಚಿದವನಿಗೆ ಅದು ಎಟುಕುವ ಮಾತೇ ಇಲ್ಲ. ಆತ ಎಡದಿಂದ ಬಂದರೆ ಸೊಂಟ ಎಡಕ್ಕೆ, ಬಲದಿಂದ ಬಂದರೆ ಬಲಕ್ಕೆ. ರೋಸಿಹೋಗಿ ಮೈಮೇಲೆ ಬಿದ್ದು ನೂಕಿದನೋ, ಕೆಟ್ಟ. ಆ ನೂಕಿನ ಬಲದಿಂದಲೇ ಯಾಗರ್ ಗಿರಕ್ಕನೆ ಹೊರಳಿ ಗೋಲಿನತ್ತ ಮುಖ ಮಾಡಿರುತ್ತಾರೆ. ಎದುರಾಳಿಯ ಭಾರವನ್ನೇ ತನ್ನ ಪಟ್ಟಿಗೆ ಬಳಸಿಕೊಳ್ಳುವ ಹಳೆಯ ಪೈಲ್ವಾನರನ್ನು ಅಖಾಡದಲ್ಲಿ ಕಂಡವರಿಗೆ ಈ ಸುಖ ಗೊತ್ತು.

ಅವರು 1972ರಲ್ಲಿ ಹುಟ್ಟಿದ್ದು ಪ್ರಾಗ್ ಬಳಿಯ ಕ್ಲಾಡ್ನೊದಲ್ಲಿ. ಉಕ್ಕು, ಕಲ್ಲಿದ್ದಲಿನ ಊರು. ಹುಡುಗನಾಗಿದ್ದಾಗಲೇ ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದರಂತೆ. ಆ ತೊಡೆಗಳನ್ನು ನೋಡಿದರೆ ನಂಬಲೇಬೇಕು. ಅಂಗಿಯ ಮೇಲಿನ 68 ಎಂಬ ಸಂಖ್ಯೆ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ 1968ರ ನೆನಪು. ಕಮ್ಯುನಿಸ್ಟ್ ಆಡಳಿತದಲ್ಲಿ ಸೆರೆಮನೆ ಕಂಡಿದ್ದ ಅಜ್ಜ ತೀರಿಕೊಂಡಿದ್ದೂ ಅದೇ ವರ್ಷ.

ಉತ್ತರ ಅಮೆರಿಕದ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪ್ರಶಸ್ತಿ ಸರಣಿಯಾದ 1992ರ ಸ್ಟಾನ್ಲಿ ಕಪ್ ಫೈನಲ್ಸ್‌ನ ಮೊದಲ ಪಂದ್ಯದ ಗೋಲನ್ನು ಎಷ್ಟು ಸಲ ನೋಡಿದರೂ ನನಗೆ ದಣಿವಿಲ್ಲ. ಶಿಕಾಗೊ ಎದುರು 4-1ರಿಂದ ಹಿಂದೆ ಬಿದ್ದಿದ್ದ ಯಾಗರ್ ತಂಡ ಪಿಟ್ಸ್‌ಬರ್ಗ್, ಕೊನೆಯ ಅವಧಿಯ ಹೊತ್ತಿಗೆ ಇನ್ನೊಂದೇ ಗೋಲಿನ ಅಂತರಕ್ಕೆ ಬಂದಿತ್ತು. ಇಪ್ಪತ್ತರ ಯಾಗರ್ ಗೋಡೆಯ ಬದಿಯಿಂದ ಒಳನುಗ್ಗಿ, ಒಬ್ಬೊಬ್ಬರನ್ನೇ ತಪ್ಪಿಸುತ್ತಾ, ಪಕ್ಕನ್ನು ಇನ್ನೊಂದು ಕ್ಷಣ, ಮತ್ತೂ ಒಂದು ಕ್ಷಣ ತಮ್ಮಲ್ಲೇ ಇಟ್ಟುಕೊಂಡು ಹೊಡೆದರು. 4-4. ಬೇರೆಯವರಾಗಿದ್ದರೆ ಅಷ್ಟರಲ್ಲಿ ಎರಡು ಸಲ ಪಾಸ್ ಕೊಟ್ಟಿರುತ್ತಿದ್ದರು. ಕೊನೆಯ ಸೆಕೆಂಡುಗಳಲ್ಲಿ ಸಹ ಆಟಗಾರ ಮಾರಿಯೊ ಲೆಮ್ಯೂ ಪಂದ್ಯ ಗೆದ್ದುಕೊಟ್ಟರು. ಆ ವರ್ಷದ ಕಪ್ಪೂ ಪಿಟ್ಸ್‌ಬರ್ಗ್‌ಗೇ ಬಂತು.

ಮುಂದಿನದು ದಾಖಲೆಗಳ ರಾಶಿ. 1998ರ ನಾಗಾನೊ ಒಲಿಂಪಿಕ್ಸ್ ಚಿನ್ನ, ಎನ್‌ಎಚ್‌ಎಲ್‌ನ ಒಂಬತ್ತು ತಂಡಗಳು, ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ 1,921 ಅಂಕ. ಅದಕ್ಕಿಂತ ಹೆಚ್ಚು ಗಳಿಸಿದವರು ವೇಯ್ನ್ ಗ್ರೆಟ್ಸ್‌ಕಿ ಒಬ್ಬರೇ. ಆದರೆ ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಫ್ಲಾರಿಡಾ ಪ್ಯಾಂಥರ್ಸ್ ಪರ ಆಡಿದ 2015-16ರ ಋತು. ನಲವತ್ತನಾಲ್ಕು ತುಂಬಿದ ವರ್ಷ, ಗಡ್ಡ ನರೆತಿತ್ತು, ಕಾಲಿನ ಓಟ ತಗ್ಗಿತ್ತು. ಆದರೂ 66 ಅಂಕಗಳೊಂದಿಗೆ ತಂಡದಲ್ಲಿ ಅವರೇ ಮೊದಲಿಗರು. ವೇಗವನ್ನೇ ನಂಬಿದವರ ಆಟ ವಯಸ್ಸಿನೊಂದಿಗೆ ಸೋರಿಹೋಗುತ್ತದೆ. ಯಾಗರ್ ನಂಬಿದ್ದು ಸೊಂಟವನ್ನು, ತೋಳಿನ ಅಳತೆಯನ್ನು, ಕಾಯುವ ಧೈರ್ಯವನ್ನು. ಮಗನ ವಯಸ್ಸಿನ ಹುಡುಗರು ಹಿಂದಿನಿಂದ ಎಷ್ಟು ಒದ್ದಾಡಿದರೂ ಪಕ್ ಕದಲುತ್ತಿರಲಿಲ್ಲ.

ಐವತ್ತು ದಾಟಿದ ಮೇಲೂ ಅವರು ಹುಟ್ಟೂರಿನ, ತಮ್ಮದೇ ಒಡೆತನದ ಕ್ಲಾಡ್ನೊ ತಂಡಕ್ಕೆ ಆಡಿದರು. 2024ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ತಂಡ 68ನೇ ಸಂಖ್ಯೆಯನ್ನು ಇನ್ನಾರಿಗೂ ಕೊಡದಂತೆ ಗೌರವದಿಂದ ಮೀಸಲಿಟ್ಟಿತು. ಆ ದಿನದ ಪಂದ್ಯಕ್ಕೆ ಮುಂಚಿನ ಅಭ್ಯಾಸಕ್ಕೆ ಇಳಿದ ಆಟಗಾರರ ನಡುವೆ ಸ್ಕೇಟ್ಸ್ ಕಟ್ಟಿಕೊಂಡ ಯಾಗರ್ ಕೂಡ ಇದ್ದರು, 52ರ ವಯಸ್ಸಿನಲ್ಲಿ, ಇನ್ನೂ ನಿವೃತ್ತರಾಗದೆ.