ಟರ್ಬೊ ಕಾರಿನ ರಿಪೇರಿ: ತಪ್ಪು ಎಣ್ಣೆಯದೋ, ಎಣಿಕೆಯದೋ?

ಹಳೆಯ ಟರ್ಬೊ ಕಾರೊಂದನ್ನು ಕೊಳ್ಳಲೇ ಎಂದು ನೀವು ಪರಿಚಯದ ಮೆಕ್ಯಾನಿಕ್‌ನನ್ನು ಕೇಳಿ ನೋಡಿ. "ಓಡಿಸೋಕೆ ಚೆನ್ನಾಗಿರುತ್ತೆ ಸಾರ್, ಆದರೆ ಕೆಟ್ಟರೆ ಜೇಬು ಖಾಲಿ" ಎನ್ನುವ ಸಂಭವವೇ ಹೆಚ್ಚು. ಈ ಮಾತಿನಲ್ಲಿ ನಿಜವೆಷ್ಟು? ಟರ್ಬೊ ತಂತ್ರವೇ ದುರ್ಬಲವೇ? ಅಥವಾ ಅದನ್ನು ರೂಪಿಸುವವರ ಲೆಕ್ಕಾಚಾರದಲ್ಲಿ ದೋಷವಿದೆಯೇ? ಅಮೆರಿಕದಲ್ಲಿ 1998ರಿಂದ 2004ರವರೆಗಿನ ಮಾದರಿಗಳಾಗಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪಸಾಟ್ 1.8 ಟರ್ಬೊ ಸೆಡಾನ್‌ನ ಕಥೆ ಇದಕ್ಕೆ ಉತ್ತರ ಕೊಡುತ್ತದೆ.

ಟರ್ಬೊ ಕೆಲಸ ಮಾಡುವ ಬಗೆ ಸರಳ. ಹೊಗೆಕೊಳವೆಯತ್ತ ನುಗ್ಗುವ ಬಿಸಿ ಅನಿಲ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದು. ಹೀಗಾಗಿ 1.8 ಲೀಟರಿನ ಈ ಚಿಕ್ಕ ಎಂಜಿನ್ ಮೊದಲು 150, ಅನಂತರ 170 ಅಶ್ವಶಕ್ತಿ ನೀಡಿತು. ಆದರೆ ಆ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಅದನ್ನು ಲೋಹದ ಉಜ್ಜಾಟದಿಂದ ಕಾಪಾಡುವುದು ಎಣ್ಣೆಯ ತೆಳುಪದರ ಮಾತ್ರ. ಕಾದ ಭಾಗಗಳ ಶಾಖವನ್ನು ಹೊತ್ತೊಯ್ಯುವ ಹೊಣೆಯೂ ಬಹುಪಾಲು ಅದೇ ಎಣ್ಣೆಯದು. ಅಂದರೆ ಟರ್ಬೊ ಎಂಜಿನ್ನಿನ ಎಣ್ಣೆಗೆ ಎರಡು ಪಟ್ಟು ದುಡಿಮೆ.

ಎಣ್ಣೆ ಕೆಸರಾದಾಗ

ದುಡಿಮೆ ಹೆಚ್ಚಿದ್ದರೆ ಎಣ್ಣೆಯೂ ಹೆಚ್ಚಿರಬೇಕಲ್ಲವೇ? ಪಸಾಟ್‌ನಲ್ಲಿ ಆದದ್ದು ಇದಕ್ಕೆ ವಿರುದ್ಧ. ಎಂಜಿನ್ನನ್ನು ಉದ್ದುದ್ದವಾಗಿ ಕೂರಿಸಿದ ಈ ಕಾರಿನಲ್ಲಿ ಎಣ್ಣೆಗೆ ದೊರೆತ ಜಾಗ ನಾಲ್ಕು ಲೀಟರಿಗಿಂತ ಕಡಿಮೆ. ಇದೇ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ ಗಾಲ್ಫ್ ಕಾರಿನಲ್ಲಿ ಸುಮಾರು ನಾಲ್ಕೂವರೆ ಲೀಟರ್ ಇತ್ತು. ಜೊತೆಗೆ ಎಣ್ಣೆ ಬದಲಿಸುವ ಅವಧಿಯನ್ನು 10,000 ಮೈಲಿಗೆ, ಎಂದರೆ 16,000 ಕಿಲೋಮೀಟರಿಗೆ ಎಳೆಯಲಾಯಿತು. ಕಾದು ಕಾದು ಆಕ್ಸೀಕರಣಗೊಂಡ ಎಣ್ಣೆ ಕಪ್ಪು ಕೆಸರಾಗಿ, ತಳದ ತೊಟ್ಟಿಯಲ್ಲಿ ಎಣ್ಣೆ ಹೀರುವ ಜಾಲರಿಯನ್ನು ಕಟ್ಟಿಹಾಕಿತು. ಒತ್ತಡ ಕುಸಿಯಿತು. ಟರ್ಬೊದ ಬೇರಿಂಗ್, ಕ್ಯಾಮ್‌ಶಾಫ್ಟ್, ಕೊನೆಗೆ ಕ್ರ್ಯಾಂಕ್ ಬೇರಿಂಗ್‌ಗಳು ಎಣ್ಣೆಯಿಲ್ಲದೆ ಸವೆದವು. ಎಣ್ಣೆಯ ಕೆಂಪು ದೀಪ ಬೆಳಗುವ ಹೊತ್ತಿಗೆ ಎಷ್ಟೋ ಎಂಜಿನ್ನುಗಳಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು.

ಈಗ ಖರ್ಚಿನ ಮಾತು. ಕಟ್ಟಿಕೊಂಡ ಜಾಲರಿ ಅಗ್ಗದ ಬಿಡಿಭಾಗ. ಆದರೆ ಅದನ್ನು ತಲುಪಲು ಎಂಜಿನ್ನನ್ನು ಮೇಲಿಂದ ತೂಗುಹಾಕಿ, ಕೆಳಗಿನ ಚೌಕಟ್ಟನ್ನು ಇಳಿಸಿ, ತೊಟ್ಟಿಯನ್ನು ಬಿಚ್ಚಬೇಕು. ಬಿಲ್ಲಿನಲ್ಲಿ ದೊಡ್ಡದಾಗಿ ಕಾಣುವುದು ಸಾಮಾನಿನ ಬೆಲೆಯಲ್ಲ, ಕೂಲಿ. ಬೇರಿಂಗ್ ಹೋಗಿದ್ದರಂತೂ ಎಂಜಿನ್ನೇ ಬದಲಾಗಬೇಕು; ಅದಕ್ಕೆ ಸಾವಿರಾರು ಡಾಲರ್.

ಕಂಪನಿ 2004ರಲ್ಲಿ ಕೆಸರಿನ ತೊಂದರೆಗೆ ಎಂಟು ವರ್ಷಗಳ ವಿಸ್ತೃತ ವಾರಂಟಿ ಘೋಷಿಸಿತು. ನಿಗದಿತ ಗುಣಮಟ್ಟದ ಸಿಂಥೆಟಿಕ್ ಎಣ್ಣೆಯನ್ನೇ ಬಳಸಬೇಕೆಂಬ ಸೂಚನೆಯೂ ಬಂದಿತು. ಇದು ಸ್ವಾಗತಾರ್ಹವೇ. ಆದರೆ ಪರಿಹಾರ ಬೇಕಿದ್ದರೆ ಮಾಲೀಕರು ಎಣ್ಣೆ ಬದಲಿಸಿದ್ದಕ್ಕೆ ರಸೀದಿ ತೋರಿಸಬೇಕಿತ್ತು. ಎರಡನೆಯ ಕೈಯಿಂದ ಕಾರು ಕೊಂಡವರು ಮೊದಲ ಮಾಲೀಕರ ರಸೀದಿಯನ್ನು ಎಲ್ಲಿಂದ ತರಬೇಕು? ವಿವಾದ ನ್ಯಾಯಾಲಯದ ಮೆಟ್ಟಿಲೇರಿ, 2011ರಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯದಲ್ಲಿ ರಾಜಿಯಲ್ಲಿ ಮುಗಿಯಿತು.

ಟೈಮಿಂಗ್ ಬೆಲ್ಟ್ ವಿಷಯದಲ್ಲೂ ಇದೇ ಧೋರಣೆ ಕಾಣುತ್ತದೆ. ಅಮೆರಿಕದಲ್ಲಿ ಸೂಚಿಸಿದ್ದ ಬದಲಾವಣೆಯ ಅವಧಿ 1,05,000 ಮೈಲಿ. ಅಷ್ಟರೊಳಗೆ ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಸೋತರೆ ಕವಾಟಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಈ ಎಂಜಿನ್ನಿನಲ್ಲಿರುವುದು ಒಟ್ಟು 20 ಕವಾಟ! ಅನುಭವಿ ಮೆಕ್ಯಾನಿಕ್‌ಗಳು ಬಹಳ ಮೊದಲೇ ಬದಲಿಸಿ ಎನ್ನುತ್ತಿದ್ದುದು ಸುಮ್ಮನಲ್ಲ. ಇದಕ್ಕೆ ಹೋಲಿಸಿದರೆ ಇಗ್ನಿಷನ್ ಕಾಯಿಲ್ ಕೆಡುವುದು, ಗಾಳಿಯ ಒತ್ತಡ ಬಿಡುವ ಕವಾಟದ ರಬ್ಬರ್ ಹರಿಯುವುದು, ಕೊಳವೆ ಬಿರಿಯುವುದು ಕಿರಿಕಿರಿಯೇ ಹೊರತು ಗಂಡಾಂತರವಲ್ಲ.

ನಮಗೇನು ಪಾಠ?

ಟರ್ಬೊ ತಂತ್ರವೇ ಅಪರಾಧಿಯಾಗಿದ್ದರೆ ಹೆಚ್ಚು ಎಣ್ಣೆ ಹಿಡಿಯುವ ಗಾಲ್ಫ್‌ಗೂ ಅದೇ ಗತಿ ಬರಬೇಕಿತ್ತು. ಅಲ್ಲಿ ಕೆಸರಿನ ಕಾಟ ಅಷ್ಟಾಗಿ ಕಾಣಲಿಲ್ಲ. ಆದ್ದರಿಂದ ತಪ್ಪು ಎಣಿಕೆಯದು. ನಿರ್ವಹಣೆಯ ಖರ್ಚನ್ನು ಕಾಗದದ ಮೇಲೆ ಕಡಿಮೆ ತೋರಿಸುವ ಆಸೆಗೆ ರಿಪೇರಿಯ ಅಪಾಯವನ್ನು ಗ್ರಾಹಕರ ಹೆಗಲಿಗೆ ಸರಿಸಿದ್ದು.

ಇದು ಪರದೇಶದ ಹಳೆಯ ಸುದ್ದಿ ಎಂದು ಸುಮ್ಮನಾಗಬೇಡಿ. 2022ರಲ್ಲಿ ಬಂದ ಸ್ಲಾವಿಯಾ, ವರ್ಟಸ್, 2023ರ ವರ್ನಾ ಮುಂತಾದ ಸೆಡಾನ್‌ಗಳ ಮೂಲಕ ಟರ್ಬೊ ಪೆಟ್ರೋಲ್ ನಮ್ಮ ಮನೆಯಂಗಳಕ್ಕೂ ಬಂದಿದೆ. ಅವುಗಳಿಗೂ ಇದೇ ದೋಷವಿದೆ ಎಂದಲ್ಲ. ಆದರೆ ಒಂದು ಲೆಕ್ಕ ಹಾಕಿ. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ 10,000 ಕಿ.ಮೀ. ಓಡಿದ ಎಂಜಿನ್ ದುಡಿದದ್ದು ಸುಮಾರು 167 ಗಂಟೆ. ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ ಸರಾಸರಿ 15 ಕಿ.ಮೀ. ಎಂದುಕೊಂಡರೆ ಅಷ್ಟೇ ದೂರಕ್ಕೆ 667 ಗಂಟೆ! ಓಡೋಮೀಟರಿಗೆ ಎರಡೂ ಒಂದೇ. ಎಣ್ಣೆಗೆ ಒಂದೇ ಅಲ್ಲ. ದೂರವನ್ನಷ್ಟೇ ಅಳೆದು ಎಣ್ಣೆಯ ಆಯುಷ್ಯ ಹೇಳುವ ಪದ್ಧತಿಯ ಕೊರತೆ ಇಲ್ಲಿದೆ. ಎಂಜಿನ್ ದುಡಿದ ಗಂಟೆಗಳನ್ನು ಎಣಿಸುವುದು ಇಂದಿನ ಕಂಪ್ಯೂಟರ್‌ಯುಕ್ತ ಕಾರಿಗೆ ಕಷ್ಟವೇನಲ್ಲ.

ಕಂಪನಿಗಳು ಅದನ್ನು ಮಾಡುವವರೆಗೆ ನಿಮ್ಮ ಎಚ್ಚರ ನಿಮಗೆ. ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಿ. ಊರೊಳಗಿನ ಓಡಾಟವೇ ಹೆಚ್ಚಾದರೆ ಅವಧಿಗೆ ಮೊದಲೇ ಬದಲಿಸಿ. ವೇಗವಾಗಿ ಓಡಿಸಿ ಬಂದ ಮೇಲೆ ಎಂಜಿನ್ನನ್ನು ಒಂದು ನಿಮಿಷ ನಿಧಾನಗತಿಯಲ್ಲಿ ಬಿಟ್ಟು ಆಮೇಲೆ ನಿಲ್ಲಿಸಿ. ಹಳೆಯ ಕಾರು ಕೊಳ್ಳುವಾಗ ಎಣ್ಣೆಯ ಮುಚ್ಚಳ ತೆರೆದು ಟಾರ್ಚ್ ಬಿಟ್ಟು ನೋಡಿ, ಎಣ್ಣೆಯ ಒತ್ತಡವನ್ನು ಅಳೆಸಿ. ಬಣ್ಣ, ಸೀಟುಗಳ ಅಂದಕ್ಕಿಂತ ಹಿಂದಿನ ಮಾಲೀಕರ ಸರ್ವೀಸ್ ರಸೀದಿಗಳಿಗೆ ಹೆಚ್ಚು ಬೆಲೆ ಕೊಡಿ. ನಿಮ್ಮವನ್ನೂ ಜೋಪಾನವಾಗಿಡಿ.